ಮಲೆನಾಡಿನ ಮಳೆಗಾಲಕ್ಕೆ ಹೊಸ ಕ್ಯಾಮೆರಾ: ಡ್ರೈ ಕ್ಯಾಬಿನೆಟ್ ಬೇಕೇ ಬೇಕಾ, ಡಬ್ಬಿ ಸಾಕಾ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಕ್ಯಾನನ್ 1500ಡಿ ತೆಗೆದುಕೊಂಡಿದ್ದೇನೆ. ಜೊತೆಗೆ ಬಂದ 18-55 ಲೆನ್ಸ್ ಇದೆ, ಹಕ್ಕಿಗಳಿಗೆ ಅಂತ 55-250 ಬೇರೆ ಕೊಂಡೆ. ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಹೆಂಚಿನ ಮನೆ, ಸುತ್ತ ಅಡಿಕೆ ತೋಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ, ಬೀರುವಿನಲ್ಲಿಟ್ಟ ಸೀರೆಗೂ ವಾಸನೆ ಬರುತ್ತದೆ.

ಅಂಗಡಿಯವರು ಡ್ರೈ ಕ್ಯಾಬಿನೆಟ್ (ಒಳಗಿನ ಗಾಳಿ ಒಣಗಿರುವಂತೆ ನೋಡಿಕೊಳ್ಳುವ ಕರೆಂಟಿನ ಪೆಟ್ಟಿಗೆ) ತೆಗೆದುಕೊಳ್ಳಿ ಅಂದರು. ಅದರ ದುಡ್ಡಿಗೆ ಇನ್ನೊಂದು ಲೆನ್ಸ್ ಬರುತ್ತದೆ! ಪಕ್ಕದ ಮನೆಯವರು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡಿ ಅನ್ನುತ್ತಾರೆ. ಚಿಕ್ಕಪ್ಪ ಬೀರುವಿನೊಳಗೆ ಝೀರೋ ಬಲ್ಬ್ ಹಾಕು ಅನ್ನುತ್ತಾರೆ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಏನಾದರೂ ವ್ಯವಸ್ಥೆ ಆಗಬೇಕು. ಏನು ಮಾಡಲಿ?

ಸ್ಟುಡಿಯೋ ಅಣ್ಣ, ಶಿವಮೊಗ್ಗ

ಮೇಡಂ, ಮಳೆಯಲ್ಲಿ ಓಡಾಡಿ ಹಾಳಾದ ಕ್ಯಾಮೆರಾಕ್ಕಿಂತ ಮಳೆಗಾಲದಲ್ಲಿ ಸುಮ್ನೆ ಕೂತು ಹಾಳಾದ ಕ್ಯಾಮೆರಾಗಳೇ ಜಾಸ್ತಿ. ನಮ್ಮ ಕಸುಬಿನಲ್ಲಿ ಆಷಾಢ ಬಂತು ಅಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಕ್ಯಾಮೆರಾ ಬ್ಯಾಗಿನೊಳಗೆ, ಬ್ಯಾಗು ಬೀರುವಿನೊಳಗೆ. ಮಳೆ ಬಿಡದೆ ಹೊಡೆಯುವುದೂ ಆಗಲೇ. ಶ್ರಾವಣದ ಮೊದಲ ಮದುವೆಗೆ ಅಂತ ಲೆನ್ಸ್ ತೆಗೆದು ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಸಾಗರ, ಹೊಸನಗರ ಕಡೆ ಯಾವ ಸ್ಟುಡಿಯೋದವರನ್ನು ಕೇಳಿದರೂ ಇಂಥ ಒಂದು ಕತೆ ಹೇಳುತ್ತಾರೆ.

ಒಂದೇ ಮಾತು. ಬ್ಯಾಗಿನಲ್ಲಿ ಇಡಬೇಡಿ. ಬ್ಯಾಗ್ ಹೊತ್ತುಕೊಂಡು ಹೋಗುವುದಕ್ಕೆ. ಒಳಗಿನ ಸ್ಪಂಜು ಒಂದು ಸಲ ತೇವ ಕುಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಚರ್ಮದ ಕೇಸು ಇನ್ನೂ ಕೆಟ್ಟದ್ದು, ಬೂಸ್ಟಿಗೆ ಚರ್ಮವೇ ಊಟ.

ಕಲಬುರಗಿ ಬಿಸಿಲು

ನಮ್ಮ ಕಡೆ ಈ ತಲೆನೋವೇ ಇಲ್ಲ ನೋಡಿ. ಧೂಳು ಒಂದೇ. ಟೇಬಲ್ ಮೇಲೆ ಬಟ್ಟೆ ಮುಚ್ಚಿ ಇಟ್ಟಿರುತ್ತೇನೆ, ವರ್ಷಾನುಗಟ್ಟಲೆ ಏನೂ ಆಗಿಲ್ಲ. ಈ ಡಬ್ಬಿ, ಕ್ಯಾಬಿನೆಟ್ ಎಲ್ಲ ಅಂಗಡಿಯವರು ಹೆದರಿಸಿ ಮಾರುವ ಸಾಮಾನು ಅನ್ನಿಸುತ್ತದೆ.

ಕರಾವಳಿ ಕ್ಲಿಕ್, ಕುಂದಾಪುರ

ಬಿಸಿಲು ಅಣ್ಣ, ಜುಲೈಯಲ್ಲಿ ಒಂದು ವಾರ ನಮ್ಮ ಕಡೆ ಬನ್ನಿ, ಕ್ಯಾಮೆರಾ ಟೇಬಲ್ ಮೇಲೆ ಇಟ್ಟು ನೋಡುವಾ.

ತುಂಗಾತೀರ ಅವರೇ, ಅಕ್ಕಿ ಮಾತ್ರ ಬೇಡ ಮಾರಾಯ್ರೇ. ಅಕ್ಕಿಯ ಹಿಟ್ಟು ಝೂಮ್ ರಿಂಗಿನ ಸಂದಿಗೆ ಹೋಗುತ್ತದೆ, ಯುಎಸ್‌ಬಿ ತೂತಿಗೆ ಹೋಗುತ್ತದೆ. ಹುಳ ಬಿದ್ದರೆ ಅದು ಬೇರೆ. ನುಸಿಗುಳಿಗೆ, ಕರ್ಪೂರ ಕೂಡ ಹತ್ತಿರ ಇಡಬೇಡಿ. ಅವು ಆವಿಯಾಗಿ ಮತ್ತೆ ತಣ್ಣಗಿನ ಗಾಜಿನ ಮೇಲೆ ಪದರವಾಗಿ ಕೂರುತ್ತವೆ.

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ಅಕ್ಕಿಯ ವಿಷಯಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಅಂಗಡಿಯಿಂದ ತಂದ ಅಕ್ಕಿಯಲ್ಲೇ ಶೇ. 13-14 ನೀರು ಇರುತ್ತದೆ. ಅಂಥ ಅಕ್ಕಿಯನ್ನು ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಳಗಿನ ಗಾಳಿಯ ತೇವಾಂಶ ಶೇ. 65-70ರ ಹತ್ತಿರ ಬಂದು ನಿಲ್ಲುತ್ತದೆ. ಫಂಗಸ್‌ಗೆ, ಅಂದರೆ ಬೂಸ್ಟಿಗೆ, ಅಷ್ಟು ಬೇಕಾದಷ್ಟಾಯಿತು. ಒಲೆಯ ಮೇಲೆ ಹುರಿದ ಅಕ್ಕಿಯಾದರೆ ಸ್ವಲ್ಪ ದಿನ ನೀರು ಹೀರುತ್ತದೆ, ಆಮೇಲೆ ಅದೂ ಅಷ್ಟೇ.

ನಮಗೆ ಬೇಕಾದದ್ದು ಶೇ. 40ರಿಂದ 50ರ ಒಳಗೆ. 60 ದಾಟಿ ತುಂಬ ದಿನ ನಿಂತರೆ ಅಪಾಯ ಶುರು. 70ರ ಮೇಲೆ ಬೂಸ್ಟು ಬೇಗ ಬೆಳೆಯುತ್ತದೆ. ಮಳೆಗಾಲದಲ್ಲಿ ನಿಮ್ಮ ಮನೆಯೊಳಗೆ 85-90 ಇದ್ದರೆ ಆಶ್ಚರ್ಯ ಇಲ್ಲ.

ಆದರೆ ಇದೆಲ್ಲ ನನ್ನ ಊಹೆ. ನಿಮ್ಮ ಮನೆಯಲ್ಲಿ ಎಷ್ಟಿದೆ ಅಂತ ಹೇಳಬೇಕಾದದ್ದು ಮೀಟರು. ಕ್ಯಾಬಿನೆಟ್ಟು, ಡಬ್ಬಿ, ಬಲ್ಬು ಯಾವುದಕ್ಕೂ ಮೊದಲು ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ಗಾಳಿಯ ತೇವಾಂಶ ಅಳೆಯುವ ಮೀಟರು) ತರಿಸಿಕೊಳ್ಳಿ. ಕೆಲವು ನೂರು ರೂಪಾಯಿ ಅಷ್ಟೇ. ಅಳೆಯದೆ ದುಡ್ಡು ಹಾಕಬೇಡಿ. ಕಲಬುರಗಿಯವರು ಹೇಳಿದ್ದು ಕಲಬುರಗಿಗೆ ಸರಿಯೇ ಇದೆ, ಅವರ ಮೀಟರು ಬೇಸಿಗೆಯಲ್ಲಿ 30ಕ್ಕಿಂತ ಕೆಳಗೆ ಇರುತ್ತದೆ.

ತುಂಗಾತೀರ, ತೀರ್ಥಹಳ್ಳಿ

ಮೇಷ್ಟ್ರೇ, ಆ ಅಗ್ಗದ ಮೀಟರನ್ನು ನಂಬಬಹುದಾ? ಒಂದೇ ಕೋಣೆಯಲ್ಲಿ ಎರಡು ಮೀಟರ್ ಎರಡು ಥರ ತೋರಿಸುತ್ತವೆ ಅಂತ ಎಲ್ಲೋ ಓದಿದ ನೆನಪು.

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ತೋರಿಸುತ್ತವೆ. ಐದು ಅಂಕ ಆಚೀಚೆ ಆಗುವುದು ಮಾಮೂಲು. ಪರೀಕ್ಷೆ ಅಡುಗೆಮನೆಯಲ್ಲೇ ಮಾಡಬಹುದು.

ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ. ನಾಲ್ಕೈದು ಹನಿ ನೀರು ಹಾಕಿ, ಉಪ್ಪು ಒದ್ದೆ ಮರಳಿನ ಹದಕ್ಕೆ ಬರಬೇಕು, ಕರಗಿ ನೀರಾಗಬಾರದು. ಆ ಮುಚ್ಚಳ, ಮೀಟರು ಎರಡನ್ನೂ ಜಿಪ್ ಕವರಿನಲ್ಲಿ ಹಾಕಿ, ಗಾಳಿ ಆಡದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಉಪ್ಪು ಮೀಟರಿಗೆ ತಾಗದಿರಲಿ. ಒದ್ದೆ ಉಪ್ಪಿನ ಸುತ್ತಲಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಮ್ಮ ಮನೆಗಳ ಬಿಸಿ, ತಂಪಿನಲ್ಲಿ ಅದು ಹೆಚ್ಚುಕಮ್ಮಿ ಆಗುವುದಿಲ್ಲ ಅನ್ನಬಹುದು. ಬೆಳಿಗ್ಗೆ ಮೀಟರು 71 ತೋರಿಸಿದರೆ ಅದು 4 ಕಮ್ಮಿ ತೋರಿಸುವ ಮೀಟರು. ಹಿಂದೆ ಒಂದು ಚೀಟಿ ಅಂಟಿಸಿ "+4" ಅಂತ ಬರೆದುಕೊಳ್ಳಿ. ಮುಗಿಯಿತು.

ಕರಾವಳಿ ಕ್ಲಿಕ್, ಕುಂದಾಪುರ

ಈ 75ಕ್ಕೂ ನಮ್ಮ ಕಡಲತೀರಕ್ಕೂ ಸಂಬಂಧ ಇದೆ. ಮರವಂತೆಯಲ್ಲೋ ಮಲ್ಪೆಯಲ್ಲೋ ಫೋಟೋ ತೆಗೆದು ಬಂದರೆ ಕ್ಯಾಮೆರಾ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪದರ ಇರುತ್ತದೆ. ಗಾಳಿಯಲ್ಲಿ ತೇವ 75 ದಾಟಿದ ಕೂಡಲೇ ಆ ಉಪ್ಪು ತಾನೇ ನೀರೆಳೆದುಕೊಂಡು ಒದ್ದೆಯಾಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಹಗಲೂ ರಾತ್ರಿ 75ರ ಮೇಲೆಯೇ. ಹಾಗಾಗಿ ಮೊದಲು ತುಕ್ಕು ಹಿಡಿಯುವುದು ಫ್ಲ್ಯಾಶ್ ಕೂರಿಸುವ ಹಳಿ, ಸ್ಕ್ರೂ, ಬೆಲ್ಟಿನ ಕೊಂಡಿ.

ಮನೆಗೆ ಬಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಹರಡುತ್ತದೆ ಅಷ್ಟೇ. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಮೈ ಒರೆಸಿ, ಆಮೇಲೆ ಒಣ ಬಟ್ಟೆ. ಗಾಜಿಗೆ ಮಾತ್ರ ಮೊದಲು ಬ್ಲೋವರ್, ಆಮೇಲೆ ಲೆನ್ಸ್ ಬಟ್ಟೆ. 1500ಡಿಗೆ ನೀರು ತಡೆಯುವ ಸೀಲ್ ಇಲ್ಲ, ನಿಕಾನ್ ಡಿ3500ಕ್ಕೂ ಇಲ್ಲ. ಬಟ್ಟೆ ಸೋರುವಷ್ಟು ಒದ್ದೆ ಇರಬಾರದು.

ಝೀರೋ ಬಲ್ಬ್, ಶಿರಸಿ

ನಿಮ್ಮ ಚಿಕ್ಕಪ್ಪ ಹೇಳಿದ್ದು ಸರಿ ತಂಗಿ. ನಮ್ಮ ಮನೆಯಲ್ಲಿ ಹಳೆಯ ರೀಲ್ ಕ್ಯಾಮೆರಾ ಇದ್ದ ಕಾಲದಿಂದಲೂ ಮರದ ಬೀರುವಿನ ಕೆಳಗಿನ ಅರೆಯಲ್ಲಿ ಬಲ್ಬು ಉರಿಯುತ್ತಿದೆ. ಆ ಕ್ಯಾಮೆರಾದ ಲೆನ್ಸ್ ಇವತ್ತಿಗೂ ಸ್ವಚ್ಛ. ತೇವ ಹೀರುವ ಸಿಲಿಕಾ ಹರಳು, ಮೀಟರು, ಉಪ್ಪಿನ ಪರೀಕ್ಷೆ ಯಾವುದೂ ಇರಲಿಲ್ಲ. ಇದು ಸುಮ್ನೆ ದೊಡ್ಡದು ಮಾಡುವ ವಿಷಯ ಅಲ್ಲ.

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ಬಲ್ಬಿನ ಉಪಾಯ ಸುಳ್ಳಲ್ಲ. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದು ಗಾಳಿ ಬಿಸಿಯಾದರೆ ತೇವಾಂಶದ ಶೇಕಡಾ ಇಳಿಯುತ್ತದೆ. 25 ಡಿಗ್ರಿಯಲ್ಲಿ ಶೇ. 90 ಇದ್ದ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ 67ರ ಹತ್ತಿರ ಬರುತ್ತದೆ. 35ಕ್ಕೆ ಏರಿಸಿದರೆ 50ರ ಆಸುಪಾಸು. ನಿಮ್ಮ ಬೀರು ಹತ್ತು ಡಿಗ್ರಿ ಬಿಸಿ ಆಗುತ್ತಿದ್ದರೆ ಲೆನ್ಸ್ ಉಳಿದಿರುವುದರಲ್ಲಿ ವಿಶೇಷ ಇಲ್ಲ.

ತೊಂದರೆ ಇರುವುದು ಈಗಿನ ಬಲ್ಬಿನಲ್ಲಿ. ಹಳೆಯ ಝೀರೋ ಬಲ್ಬ್ ಹೆಸರಿಗೆ ಝೀರೋ, ತಿನ್ನುತ್ತಿದ್ದದ್ದು ಸುಮಾರು 15 ವ್ಯಾಟ್. ಅದರಲ್ಲಿ ಮುಕ್ಕಾಲುಪಾಲಿಗಿಂತ ಜಾಸ್ತಿ ಬರೀ ಶಾಖ. ಈಗ ಅಂಗಡಿಯಲ್ಲಿ ಝೀರೋ ಬಲ್ಬ್ ಕೇಳಿದರೆ ಕೊಡುವುದು ಅರ್ಧ ವ್ಯಾಟಿನ ಎಲ್‌ಇಡಿ. ಅದು ಬೀರುವನ್ನು ಬೆಳಗುತ್ತದೆ, ಒಣಗಿಸುವುದಿಲ್ಲ. ಇನ್ನು ಕರೆಂಟು. ಮಳೆ ಜೋರಾದಾಗಲೇ ಎರಡು ಮೂರು ದಿನ ಹೋಗುತ್ತದೆ. ಬೀರು ತಣ್ಣಗಾದ ಕೂಡಲೇ ಮತ್ತೆ 90. ಮರ, ಬಟ್ಟೆಯ ಪಕ್ಕ ತಿಂಗಳುಗಟ್ಟಲೆ ಬಲ್ಬು ಉರಿಸಿಡುವುದು ನನಗಂತೂ ಹಿಡಿಸುವುದಿಲ್ಲ.

ಝೀರೋ ಬಲ್ಬ್, ಶಿರಸಿ

ಎಲ್‌ಇಡಿ ವಿಷಯ ಒಪ್ಪಿದೆ. ನನ್ನ ಹತ್ತಿರ ಹಳೆಯ ಬಲ್ಬಿನ ಸ್ಟಾಕ್ ಇದೆ. ಅದು ಮುಗಿಯುವವರೆಗೂ ನಾನು ಬದಲಾಗುವುದಿಲ್ಲ. 😀

ರಿಪೇರಿ ಬೆಂಚ್, ಬೆಂಗಳೂರು

ಲೆನ್ಸ್ ಬಿಚ್ಚುವ ಕೆಲಸ ಮಾಡುವವನು ನಾನು. ಫಂಗಸ್ ಬಗ್ಗೆ ಜನ ಎರಡು ಥರ ತಪ್ಪು ತಿಳಿದಿರುತ್ತಾರೆ, ಅದನ್ನು ಹೇಳಿಬಿಡುತ್ತೇನೆ.

ಒಂದು, "ಫಂಗಸ್ ಇರುವ ಲೆನ್ಸ್ ಪಕ್ಕದಲ್ಲಿಟ್ಟರೆ ಬೇರೆ ಲೆನ್ಸಿಗೂ ಅಂಟುತ್ತದೆ" ಅನ್ನುವ ಹೆದರಿಕೆ. ಫಂಗಸ್ಸಿನ ಕಣಗಳು ನಾವು ಉಸಿರಾಡುವ ಗಾಳಿಯಲ್ಲೇ ಇವೆ. ಕಾರ್ಖಾನೆಯಿಂದ ಬಂದ ಹೊಸ ಲೆನ್ಸಿನ ಮೇಲೂ ಬಂದು ಕೂರುತ್ತವೆ. ಅವು ಮೊಳೆಯಬೇಕಾದರೆ ತೇವ ಬೇಕು, ತಿನ್ನಲು ಏನಾದರೂ ಬೇಕು. ಧೂಳು, ಬೆರಳಿನ ಜಿಡ್ಡು, ಇಷ್ಟಿದ್ದರೆ ಸಾಕು. ಶೇ. 45 ತೇವಾಂಶದಲ್ಲಿ ಇಟ್ಟ ಪೆಟ್ಟಿಗೆಯಲ್ಲಿ ಹಳೆಯ ಫಂಗಸ್ಸೂ ಬೆಳೆಯುವುದಿಲ್ಲ, ಹೊಸದೂ ಹುಟ್ಟುವುದಿಲ್ಲ. ಆದರೂ ಪೂರ್ತಿ ಬೂಸ್ಟು ಹಿಡಿದ ಲೆನ್ಸನ್ನು ನಾನು ಬೇರೆ ಡಬ್ಬಿಯಲ್ಲೇ ಇಡುತ್ತೇನೆ, ಕೆಲಸದವನ ಶಾಸ್ತ್ರ ಅಂದುಕೊಳ್ಳಿ.

ಇನ್ನೊಂದು, "ಬಿಸಿಲಿಗೆ ಇಟ್ಟರೆ ಹೋಗುತ್ತದೆ" ಅನ್ನುವುದು. ಬಿಸಿಲಿಗೆ ಅದರ ಬೆಳವಣಿಗೆ ನಿಲ್ಲಬಹುದು. ಆದರೆ ಎಳೆಗಳು ಗಾಜಿನ ಮೇಲೇ ಇರುತ್ತವೆ. ಅವು ಬಿಡುವ ಆಮ್ಲ ಲೆನ್ಸಿನ ಮೇಲಿನ ಲೇಪ ತಿಂದಿದ್ದರೆ ಆ ಗುರುತು ಒರೆಸಿದರೂ ಹೋಗುವುದಿಲ್ಲ. ಬಿಸಿಗೆ ಒಳಗಿನ ಗ್ರೀಸ್ ಇಳಿದು ಅಪರ್ಚರ್ (ಬೆಳಕು ಒಳಗೆ ಬಿಡುವ ಕಿಂಡಿ) ಎಲೆಗಳಿಗೆ ಮೆತ್ತಿಕೊಂಡರೆ ಹೊಸ ರಿಪೇರಿ. ಮುಚ್ಚಳ ತೆಗೆದ ಲೆನ್ಸ್ ಸೂರ್ಯನ ಕಡೆ ಮುಖ ಮಾಡಿ ಕೂತರೆ ಭೂತಗಾಜು ಮಾಡುವ ಕೆಲಸವನ್ನೇ ಮಾಡುತ್ತದೆ, ಹಿಂದೆ ಏನಿದೆಯೋ ಅದು ಸುಡುತ್ತದೆ.

ಹೊಸ ಕ್ಯಾಮೆರಾದವರಿಗೆ ಕಹಿ ಸುದ್ದಿ ಅಂದರೆ, ಫಂಗಸ್ ಸಾಮಾನ್ಯವಾಗಿ ವಾರಂಟಿಯೊಳಗೆ ಬರುವುದಿಲ್ಲ. ಮತ್ತೆ 18-55 ಥರದ ಲೆನ್ಸನ್ನು ಬಿಚ್ಚಿ ತೊಳೆಯುವ ಕೂಲಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಬರಬಹುದು. ಹಾಗಾಗಿ ಅದು ಬಾರದಂತೆ ನೋಡಿಕೊಳ್ಳುವುದರಲ್ಲೇ ಲಾಭ.

ಎನ್.ಆರ್.ಪುರ ಹಕ್ಕಿ

ರಿಪೇರಿ ಬೆಂಚ್ ಸರ್, ಲೆನ್ಸ್ ಚೆನ್ನಾಗಿದೆಯಾ ಇಲ್ಲವಾ ಅಂತ ಮನೆಯಲ್ಲೇ ನೋಡುವುದು ಹೇಗೆ? ಒಂದು ಹಳೆಯ ನಿಕಾನ್ ಲೆನ್ಸ್ ಮಾರಾಟಕ್ಕಿದೆ, ನೋಡಲು ಹೋಗಬೇಕು.

ರಿಪೇರಿ ಬೆಂಚ್, ಬೆಂಗಳೂರು

ಕ್ಯಾಮೆರಾದಿಂದ ಬಿಚ್ಚಿ, ಎರಡೂ ಮುಚ್ಚಳ ತೆಗೆದು, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕು ಹಿಂದಿನಿಂದ ಓರೆಯಾಗಿ ಬರಲಿ, ನೀವು ಮುಂದಿನಿಂದ ನೋಡಿ, ಆಮೇಲೆ ಅದಲು ಬದಲು ಮಾಡಿ. ಕ್ಯಾನನ್ ಇಎಫ್ ಲೆನ್ಸ್ ಬಿಚ್ಚಿದಾಗ ಅಪರ್ಚರ್ ತೆರೆದೇ ಇರುತ್ತದೆ. ನಿಕಾನಿನ ಜಿ ಲೆನ್ಸ್ ಬಿಚ್ಚಿದರೆ ಮುಚ್ಚಿಕೊಳ್ಳುತ್ತದೆ, ಹಿಂಬದಿಯ ಸಣ್ಣ ಸನ್ನೆಯನ್ನು ಉಗುರಿನಿಂದ ಮೆಲ್ಲಗೆ ತಳ್ಳಿ ಹಿಡಿದು ನೋಡಬೇಕು. ಇದನ್ನು ಮಾಡದೆ "ಸ್ವಚ್ಛ ಇದೆ" ಅಂತ ತಂದವರು ತುಂಬ ಜನ.

ಬಿಡಿ ಬಿಡಿ ಚುಕ್ಕೆ ಇದ್ದರೆ ಧೂಳು. ತಲೆ ಕೆಡಿಸಿಕೊಳ್ಳಬೇಡಿ, ಫೋಟೋದಲ್ಲಿ ಕಾಣುವುದಿಲ್ಲ. ಅಂಚಿನಿಂದ ಒಳಕ್ಕೆ ಕವಲೊಡೆದು ಹೋಗುವ ಎಳೆ ಇದ್ದರೆ ಫಂಗಸ್. ಇಡೀ ಗಾಜು ಮಂಜು ಕವಿದಂತಿದ್ದರೆ ಒಳಗಿನ ಗ್ರೀಸಿನ ಆವಿ ಕೂತಿರಬಹುದು. ಅಂಚಿನಲ್ಲಿ ಸ್ವಲ್ಪ ಫಂಗಸ್ ಇದ್ದರೆ ನೇರ ಬೆಳಕಿನ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಎದುರು ಬೆಳಕಿಗೆ ಹಿಡಿದಾಗ ಚಿತ್ರ ಬೆಳ್ಳಗೆ ಪೇಲವ ಆಗುತ್ತದೆ. ಅರ್ಧ ಬೆಲೆಗೆ ಕೊಟ್ಟರೂ ನಾನಾದರೆ ಬಿಡುತ್ತೇನೆ.

ಸಿಂಗಪುರ ಕನ್ನಡಿಗ

ಇಲ್ಲಿ ವರ್ಷವಿಡೀ ಮಳೆಗಾಲ ಇದ್ದ ಹಾಗೆ. ಕ್ಯಾಮೆರಾ ಇರುವವರ ಮನೆಯಲ್ಲಿ ಡ್ರೈ ಕ್ಯಾಬಿನೆಟ್ ಇರುವುದು ಸಾಮಾನ್ಯ. ನನ್ನ ಹತ್ತಿರವೂ ಇದೆ. ಇಟ್ಟು ಮರೆಯಬಹುದು, ಅದು ದೊಡ್ಡ ಸುಖ.

ಆದರೆ ನಮ್ಮೂರಿಗೆ ಕೊಳ್ಳುವ ಮುಂಚೆ ಒಂದು ವಿಷಯ ಕೇಳಿ ತಿಳಿದುಕೊಳ್ಳಿ. ಇದರಲ್ಲಿ ಎರಡು ಬಗೆ. ಒಂದರಲ್ಲಿ ಒಂದು ಸಣ್ಣ ಫಲಕ ತಣ್ಣಗಾಗಿ ಒಳಗಿನ ತೇವವನ್ನು ಹನಿಯಾಗಿಸಿ ಹೊರಗೆ ಕಳಿಸುತ್ತದೆ. ಕರೆಂಟು ಹೋದರೆ ಕೆಲಸ ಅಲ್ಲಿಗೇ ನಿಂತಿತು, ಫಲಕದ ಮೇಲೆ ಉಳಿದ ನೀರು ಮತ್ತೆ ಒಳಗಿನ ಗಾಳಿಗೇ ಸೇರಬಹುದು. ಇನ್ನೊಂದರಲ್ಲಿ ನೀರು ಹೀರುವ ಹರಳುಗಳಿರುತ್ತವೆ. ಅವು ತುಂಬಿದಾಗ ಯಂತ್ರವೇ ಬಿಸಿ ಮಾಡಿ, ಹೊರಗಿನ ಕಿಂಡಿ ತೆರೆದು ತೇವ ಹೊರಗೆ ಬಿಡುತ್ತದೆ. ಕರೆಂಟು ಹೋದರೂ ಹರಳು ಸ್ವಲ್ಪ ಕಾಲ ಹೀರುತ್ತಲೇ ಇರುತ್ತದೆ. ಮಲೆನಾಡಿಗೆ ಎರಡನೆಯದೇ ಸರಿ. ಬಿಲ್ಲಿನ ಚಿಂತೆ ಬೇಡ, ಎರಡೂ ತಿನ್ನುವ ಕರೆಂಟು ತುಂಬ ಕಮ್ಮಿ.

ಒಂದು ಬಾಡಿ, ಎರಡು ಲೆನ್ಸಿಗೆ ಕ್ಯಾಬಿನೆಟ್ ಬೇಕಾ ಅಂದರೆ, ಬೇಡ ಅನ್ನುತ್ತೇನೆ.

ಸ್ಟುಡಿಯೋ ಅಣ್ಣ, ಶಿವಮೊಗ್ಗ

ನಾನೂ ಅದೇ ಹೇಳುವುದು. ನಾಲ್ಕು ಬಾಡಿ, ಹತ್ತು ಲೆನ್ಸ್ ಇರುವ ನಮ್ಮಂಥವರಿಗೆ ಕ್ಯಾಬಿನೆಟ್. ಮೇಡಂಗೆ ಡಬ್ಬಿ.

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ಹಾಗಾದರೆ ಡಬ್ಬಿಯ ಲೆಕ್ಕ ನೋಡಿ. ಪಾತ್ರೆ ಅಂಗಡಿಯಲ್ಲಿ ಸಿಗುವ, ನಾಲ್ಕೂ ಕಡೆ ಲಾಕ್ ಇರುವ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುವ 15 ಲೀಟರಿನ ಡಬ್ಬಿ ಅಂದುಕೊಳ್ಳೋಣ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಡಬ್ಬಿಯ ಗಾಳಿಯನ್ನು ಶೇ. 90ರಿಂದ 45ಕ್ಕೆ ಇಳಿಸಲು ತೆಗೆಯಬೇಕಾದ ನೀರು 0.16 ಗ್ರಾಂ. ಅಷ್ಟೇ!

100 ಗ್ರಾಂ ಸಿಲಿಕಾ ಜೆಲ್ ಆ ತೇವಾಂಶದಲ್ಲಿ ಸುಮಾರು 20 ಗ್ರಾಂ ನೀರು ಹಿಡಿಯುತ್ತದೆ. ಅಂದರೆ ಬರೀ ಗಾಳಿಯ ಲೆಕ್ಕದಲ್ಲಿ ನೀವು ನೂರಕ್ಕೂ ಜಾಸ್ತಿ ಸಲ ಮುಚ್ಚಳ ತೆಗೆದು ಹಾಕಬಹುದು. ಹಾಗಿದ್ದೂ ಒಂದು ವಾರದಲ್ಲಿ ಜೆಲ್ ಬಣ್ಣ ಬದಲಾದರೆ ಜೆಲ್ಲನ್ನು ಬೈಯಬೇಡಿ. ಮುಚ್ಚಳ ಸೋರುತ್ತಿದೆ, ಅಥವಾ ಒಳಗೆ ತೇವ ಕುಡಿದ ಏನೋ ಒಂದು ಇದೆ. ಸ್ಪಂಜು, ರಟ್ಟು, ಬೆವರಿನ ಬೆಲ್ಟು, ಬಟ್ಟೆ ಚೀಲ. ನೀರು ಇರುವುದು ಗಾಳಿಗಿಂತ ಜಾಸ್ತಿ ಇವುಗಳಲ್ಲೇ.

ಇನ್ನೊಂದು ಎಚ್ಚರ. ಜೆಲ್ ಜಾಸ್ತಿ ಹಾಕಿದರೆ ಒಳ್ಳೆಯದು ಅಂತ ಅರ್ಧ ಕಿಲೋ ಸುರಿಯಬೇಡಿ. ಹೊಸ ಜೆಲ್ ಅಷ್ಟು ಹಾಕಿದರೆ ಮೀಟರು 20ಕ್ಕಿಂತ ಕೆಳಗೆ ಇಳಿಯುತ್ತದೆ. ವರ್ಷಗಟ್ಟಲೆ ಹಾಗೆ ಇದ್ದರೆ ರಬ್ಬರಿಗೆ, ಒಳಗಿನ ಗ್ರೀಸಿಗೆ ಒಳ್ಳೆಯದಲ್ಲ. 50-100 ಗ್ರಾಂನಿಂದ ಶುರು ಮಾಡಿ, ಮೀಟರು ನೋಡಿ ಸೇರಿಸಿ ಅಥವಾ ತೆಗೆಯಿರಿ.

ತುಂಗಾತೀರ, ತೀರ್ಥಹಳ್ಳಿ

ಮೀಟರು ಬಂತು. ಉಪ್ಪಿನ ಪರೀಕ್ಷೆಯಲ್ಲಿ 72 ತೋರಿಸಿತು, +3 ಅಂತ ಬರೆದು ಅಂಟಿಸಿದ್ದೇನೆ. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ, ಆದರೂ ಬೀರುವಿನೊಳಗೆ ಆಗಲೇ 80ರ ಮೇಲಿದೆ! ಅಡುಗೆಮನೆ ಅಟ್ಟದ ಮೇಲೆ 60ರ ಹತ್ತಿರ ಬಂತು. ಒಲೆಯ ಬಿಸಿಗೆ ಇರಬೇಕು. ಅಲ್ಲೇ ಇಟ್ಟುಬಿಡಲಾ ಅನ್ನಿಸಿತು.

ಡಬ್ಬಿ ತಂದೆ, ನೀಲಿ ಸಿಲಿಕಾ ಜೆಲ್ ಹಾಕಿದೆ. ಆದರೆ ಒಳಗೆ 58ಕ್ಕೆ ಬಂದು ನಿಂತಿದೆ, ಕೆಳಗೆ ಇಳಿಯುತ್ತಿಲ್ಲ. ಜೆಲ್ ಆಗಲೇ ಗುಲಾಬಿ ಆಗುತ್ತಿದೆ. ಒಳಗೆ ಸ್ಪಂಜು, ಬಟ್ಟೆ ಏನೂ ಇಲ್ಲ. ಬರೀ ಕ್ಯಾಮೆರಾ, ಲೆನ್ಸು, ಮೀಟರು, ಜೆಲ್.

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ಹಾಗಿದ್ದರೆ ಮುಚ್ಚಳ ಸೋರುತ್ತಿದೆ. ಕ್ಯಾಮೆರಾ ಹೊರಗೆ ತೆಗೆದು, ಖಾಲಿ ಡಬ್ಬಿಗೆ ಮುಚ್ಚಳ ಹಾಕಿ, ಮುಚ್ಚಳದ ಅಂಚು ಬಕೆಟ್ ನೀರಿನಲ್ಲಿ ಮುಳುಗುವಂತೆ ಅದುಮಿ ಹಿಡಿಯಿರಿ. ಗುಳ್ಳೆ ಎಲ್ಲಿಂದ ಏಳುತ್ತದೆ ನೋಡಿ.

ಕರಾವಳಿ ಕ್ಲಿಕ್, ಕುಂದಾಪುರ

ಅಟ್ಟ ಬೇಡ. ಅಲ್ಲಿ ಒಣ ಇರಬಹುದು, ಆದರೆ ಹೊಗೆ, ಎಣ್ಣೆ ಜಿಡ್ಡು ಎಲ್ಲ ಏರಿ ಹೋಗುವುದೂ ಅಲ್ಲಿಗೇ. ಅಡಿಕೆಗೆ ಸರಿ, ಲೆನ್ಸಿಗೆ ಆಗುವುದಿಲ್ಲ.

ತುಂಗಾತೀರ, ತೀರ್ಥಹಳ್ಳಿ

ಮೇಷ್ಟ್ರೇ, ಒಂದು ಮೂಲೆಯಿಂದ ಸಾಲಾಗಿ ಗುಳ್ಳೆ! ರಬ್ಬರ್ ಪಟ್ಟಿ ಅಲ್ಲಿ ಕೂರುವುದೇ ಇಲ್ಲ. ಅಂಗಡಿಯವರು ಬದಲಾಯಿಸಿ ಕೊಟ್ಟರು. ಈ ಸಲ ಅಂಗಡಿಯಲ್ಲೇ ಬಕೆಟ್ ಕೇಳಿ ನೋಡಿದೆ, ಅವರಿಗೆ ನಗು. ಈಗ ಒಳಗೆ 44ರಲ್ಲಿ ನಿಂತಿದೆ.

ಗುಲಾಬಿ ಆದ ಜೆಲ್ಲನ್ನು ಬಿಸಾಡಬೇಕಾ?

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ಬಿಸಾಡಬೇಡಿ, ಬಿಸಿ ಮಾಡಿದರೆ ನೀರು ಬಿಟ್ಟು ಮತ್ತೆ ನೀಲಿ ಆಗುತ್ತದೆ. ಓವನ್ ಇದ್ದರೆ 120 ಡಿಗ್ರಿಯಲ್ಲಿ ಒಂದೆರಡು ಗಂಟೆ. ಇಲ್ಲವಾದರೆ ಹಳೆಯ ಬಾಣಲೆಯಲ್ಲಿ ತೆಳ್ಳಗೆ ಹರಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಉರಿ ಜಾಸ್ತಿಯಾದರೆ ಮಣಿಗಳು ಒಡೆಯುತ್ತವೆ, ಬಣ್ಣವೂ ಕಪ್ಪಾಗಿ ಕೆಡುತ್ತದೆ. ಮೈಕ್ರೋವೇವ್‌ನಲ್ಲಿ ಒಂದೇ ಸಮ ಕಾಯುವುದಿಲ್ಲ, ನಾನು ಅದಕ್ಕೆ ಹೋಗುವುದಿಲ್ಲ.

ಆ ಬಾಣಲೆಯನ್ನು ಆಮೇಲೆ ಅಡುಗೆಗೆ ಬಳಸಬೇಡಿ. ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡ್‌ನಿಂದ, ಅದು ವಿಷ. ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ಸಿಗದಿರಲಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮುಂದಿನ ಸಲ ಕಿತ್ತಳೆ ಬಣ್ಣದ್ದು ತನ್ನಿ, ಅದರಲ್ಲಿ ಕೋಬಾಲ್ಟ್ ಇರುವುದಿಲ್ಲ. ತೇವ ಹಿಡಿದಾಗ ಹಸಿರಿಗೆ ತಿರುಗುತ್ತದೆ. ಯಾವ ಬಣ್ಣವೇ ಆಗಲಿ, ಬಿಸಿ ಜೆಲ್ಲನ್ನು ಕೂಡಲೇ ಗಾಜಿನ ಬಾಟಲಿಗೆ ಹಾಕಬೇಡಿ. ಕೈ ತಡೆಯುವಷ್ಟು ಆರಿದ ಮೇಲೆ ಬಾಟಲಿಗೆ ಹಾಕಿ ಬಿರಡೆ ಮುಚ್ಚಿ. ತಟ್ಟೆಯಲ್ಲಿ ರಾತ್ರಿಯಿಡೀ ಬಿಟ್ಟರೆ ನಿಮ್ಮ ಮನೆಯ ಗಾಳಿಯನ್ನೇ ಕುಡಿದುಬಿಡುತ್ತದೆ. ಪೂರ್ತಿ ತಣ್ಣಗಾದ ಮೇಲೆ ಕ್ಯಾಮೆರಾ ಡಬ್ಬಿಗೆ.

ಬೂಟಿನ ಡಬ್ಬಿಯಲ್ಲಿ ಬರುವ ಕಾಗದದ ಪೊಟ್ಟಣಗಳನ್ನು ಕೂಡಿಡುವವರಿಗೆ: ಅವು ನಿಮ್ಮ ಕೈಗೆ ಬರುವ ಹೊತ್ತಿಗೆ ತುಂಬಿರುತ್ತವೆ.

ಎನ್.ಆರ್.ಪುರ ಹಕ್ಕಿ

ಸೂಪರ್ ಮಾರ್ಕೆಟಿನಲ್ಲಿ ಬಟ್ಟೆ ಬೀರುವಿಗೆ ಅಂತ ಸಿಗುವ ತೇವ ಹೀರುವ ಡಬ್ಬಿ ಇದೆಯಲ್ಲ, ಕೆಳಗೆ ನೀರು ತುಂಬಿಕೊಳ್ಳುತ್ತದೆ. ಅದು ಆಗುತ್ತದಾ?

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ಬೇಡ. ಅದು ಕ್ಯಾಲ್ಸಿಯಂ ಕ್ಲೋರೈಡ್. ಹೀರುವುದು ಜೋರು, ಆದರೆ ತುಂಬಿಕೊಳ್ಳುವುದು ಉಪ್ಪುನೀರು. ಡಬ್ಬಿ ವಾಲಿ ಅದು ಕ್ಯಾಮೆರಾ ಮೇಲೆ ಚೆಲ್ಲಿದರೆ ಕತೆ ಮುಗಿಯಿತು. ಬೀರುವಿನಲ್ಲಿ ಸೀರೆಗೆ ಇಟ್ಟುಕೊಳ್ಳಿ.

ಸ್ಟುಡಿಯೋ ಅಣ್ಣ, ಶಿವಮೊಗ್ಗ

ಡಬ್ಬಿ ಸರಿಯಾಯಿತು ಅಂತ ಅದರಲ್ಲೇ ಬೀಗ ಹಾಕಿ ಕೂರಬೇಡಿ ಮೇಡಂ. ವಾರಕ್ಕೊಂದು ಸಲವಾದರೂ ತೆಗೆದು ಹತ್ತು ಫೋಟೋ ತೆಗೆಯಿರಿ. ಝೂಮ್ ಪೂರ್ತಿ ಎಳೆದು ಬಿಡಿ, ಫೋಕಸ್ ತಿರುಗಿಸಿ. ಡಬ್ಬಿಗೆ ಇಡುವ ಮುಂಚೆ ಬೆಲ್ಟನ್ನು ಬಿಚ್ಚಿ ಹೊರಗೇ ಇಡಿ, ಬೆವರು ಇರುತ್ತದೆ. ತುಂಬ ದಿನ ಮುಟ್ಟುವುದಿಲ್ಲ ಅಂದರೆ ಬ್ಯಾಟರಿ ತೆಗೆದು ಅರ್ಧ ಚಾರ್ಜಿನಲ್ಲಿ ಇಡಿ. ಆಮೇಲೆ ಹಾಕಿದಾಗ ಕ್ಯಾಮೆರಾ ತಾರೀಖು ಕೇಳಿದರೆ ಗಾಬರಿ ಬೇಡ.

ತುಂಗಾತೀರ, ತೀರ್ಥಹಳ್ಳಿ

ಮಳೆಯಲ್ಲೂ ಫೋಟೋ ತೆಗೆಯಬೇಕು ಅಂತಲೇ ನನಗೆ ಆಸೆ. ಆಗುಂಬೆ ಕಪ್ಪೆಗಳು ಮಳೆ ಬಿಟ್ಟರೆ ಬೇರೆ ಯಾವಾಗ ಸಿಗುತ್ತವೆ? ಒದ್ದೆಯಾಗಿ ಬಂದ ಮೇಲೆ ನೇರ ಡಬ್ಬಿಗೆ ಹಾಕಬಹುದಾ?

ಕರಾವಳಿ ಕ್ಲಿಕ್, ಕುಂದಾಪುರ

ಹೋಗಿ, ಖಂಡಿತ ಹೋಗಿ. ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರು ಪಕ್ಕದಲ್ಲೇ ಇಟ್ಟುಕೊಂಡು ಮನೆಯಲ್ಲಿ ಕೂರುವುದುಂಟಾ? ಒಂದು ದೊಡ್ಡ ಪ್ಲಾಸ್ಟಿಕ್ ಕವರಿಗೆ ಲೆನ್ಸಿನ ಅಳತೆಗೆ ತೂತು ಮಾಡಿ, ಲೆನ್ಸ್ ಹುಡ್ಡಿನ ಸುತ್ತ ರಬ್ಬರ್ ಬ್ಯಾಂಡ್ ಹಾಕಿ. ಕೊಡೆ ಹಿಡಿಯಲು ಒಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮಳೆಯಲ್ಲಿ ಲೆನ್ಸ್ ಬದಲಾಯಿಸಬೇಡಿ. ಕಪ್ಪೆಗೆ 55-250 ಒಂದೇ ಹಾಕಿಕೊಂಡು ಹೊರಡಿ, ಹತ್ತಿರ ಹೋಗದೆ ದೂರದಿಂದಲೇ ಸಿಗುತ್ತವೆ.

ಬಂದ ಕೂಡಲೇ ಡಬ್ಬಿಗೆ ಹಾಕಬೇಡಿ. ಮೊದಲು ಒರೆಸಿ, ಝೂಮ್ ಎಳೆದು ಆ ಕೊಳವೆಯನ್ನೂ ಒರೆಸಿ. ಕೊಳವೆಯ ಮೇಲೆ ಹನಿ ಇದ್ದಾಗ ಝೂಮ್ ಒಳಗೆ ತಳ್ಳಿದರೆ ನೀರನ್ನೂ ಒಳಗೆ ತಳ್ಳಿದ ಹಾಗೆ. ಫ್ಯಾನ್ ಕೆಳಗೆ ಒಂದೆರಡು ಗಂಟೆ ಇಟ್ಟು ಆಮೇಲೆ ಡಬ್ಬಿಗೆ. ಮಾರನೇ ದಿನ ಮೀಟರು ನೋಡಿ, ಏರಿದ್ದರೆ ಜೆಲ್ ಬದಲಾಯಿಸಿ.

ಎಸಿ ಕಾರಿನಲ್ಲಿ ಹೋದರೆ ಇನ್ನೊಂದು. ತಣ್ಣಗಿನ ಕ್ಯಾಮೆರಾವನ್ನು ಒಮ್ಮೆಲೇ ಹೊರಗೆ ತೆಗೆದರೆ ಗಾಜಿನ ಮೇಲೆಲ್ಲ ಮಂಜು ಕೂರುತ್ತದೆ, ಒಳಗಿನ ಗಾಜಿಗೂ. ಜಿಪ್ ಕವರಿನಲ್ಲಿ ಹಾಕಿ ಮುಚ್ಚಿಯೇ ಹೊರಗೆ ತಂದು, ಅರ್ಧ ಗಂಟೆ ಕವರಿನಲ್ಲೇ ಬಿಡಿ. ಮಂಜು ಕವರಿನ ಹೊರಗೆ ಕೂರುತ್ತದೆ, ಕ್ಯಾಮೆರಾ ಮೇಲೆ ಅಲ್ಲ.

ಕಲಬುರಗಿ ಬಿಸಿಲು

ಇಷ್ಟೆಲ್ಲ ಓದಿದ ಮೇಲೆ ಒಂದು ಕೇಳುತ್ತೇನೆ. ನನಗೂ ಡಬ್ಬಿ ಬೇಕಾ? ಧೂಳಿಗೆ?

ರಿಪೇರಿ ಬೆಂಚ್, ಬೆಂಗಳೂರು

ಡಬ್ಬಿ ಬೇಕು ಸರ್, ಜೆಲ್ ಬೇಡ. ನಿಮ್ಮ ಕಡೆಯಿಂದ ಬರುವ ಕ್ಯಾಮೆರಾಗಳಲ್ಲಿ ನನಗೆ ಸಿಗುವುದು ಝೂಮ್ ರಿಂಗಿನೊಳಗಿನ ಮಣ್ಣು, ಸೆನ್ಸರ್ ಮೇಲಿನ ಚುಕ್ಕೆ. ಅಪರ್ಚರ್ ಎಫ್/16 ಇಟ್ಟು ಆಕಾಶದ ಒಂದು ಫೋಟೋ ತೆಗೆದು ನೋಡಿ, ಎಷ್ಟು ಚುಕ್ಕೆ ಇದೆ ಗೊತ್ತಾಗುತ್ತದೆ. ಟೇಬಲ್ ಮೇಲೆ ಮುಚ್ಚಿದ ಬಟ್ಟೆಯಿಂದಲೇ ನೂಲು ಉದುರುತ್ತದೆ.

ಕಲಬುರಗಿ ಬಿಸಿಲು

ಎಣಿಸುವುದಕ್ಕೆ ಆಗಲಿಲ್ಲ ಸರ್. ಡಬ್ಬಿ ತರುತ್ತೇನೆ.

ಎನ್.ಆರ್.ಪುರ ಹಕ್ಕಿ

ಕೊನೆಗೊಂದು ಪ್ರಶ್ನೆ. ದುರ್ಬೀನು, ಹಾರ್ಡ್ ಡಿಸ್ಕ್ ಎಲ್ಲ ಅದೇ ಡಬ್ಬಿಯಲ್ಲಿ ಇಡಬಹುದಾ? ಲೆನ್ಸಿನ ಮುಚ್ಚಳ ತೆಗೆದಿಡಬೇಕಾ?

ಲ್ಯಾಬ್ ಮೇಷ್ಟ್ರು, ಮೂಡಿಗೆರೆ

ದುರ್ಬೀನು ಧಾರಾಳವಾಗಿ ಇಡಿ. ಅದಕ್ಕೂ ಫಂಗಸ್ ಬರುತ್ತದೆ, ಯಾರೂ ನೋಡುವುದಿಲ್ಲ ಅಷ್ಟೇ. ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್, ಬ್ಯಾಟರಿ ಎಲ್ಲ ಇಡಬಹುದು. ದುರ್ಬೀನಿನ ಚರ್ಮದ ಚೀಲ ಮಾತ್ರ ಹೊರಗೆ. ಮುಚ್ಚಳ ಹಾಕಿಯೇ ಇಡಿ, ಅದು ಗಾಳಿ ತಡೆಯುವಷ್ಟು ಬಿಗಿ ಇರುವುದಿಲ್ಲ, ಒಳಗೂ ಒಣಗುತ್ತದೆ. ಸಾಮಾನು ಜಾಸ್ತಿಯಾದರೆ ಡಬ್ಬಿಯನ್ನೂ ದೊಡ್ಡದು ಮಾಡಿ. ತುರುಕಿ ಮುಚ್ಚಳ ಅದುಮಿದರೆ ಮತ್ತೆ ಬಕೆಟ್ ತರಬೇಕಾಗುತ್ತದೆ.